ಎಂಜಿನ್ನಿನ ಹಣೆಗೆ ವಿಭೂತಿ

ತೊಗರಿಬೇಳೆ ಆರಿಸುತ್ತಿದ್ದೆ. ಕುಷಾಯಿಗೂಡ ಕಾಲೊನಿಯ ನಮ್ಮ ಎದುರುಮನೆಯ ಗಿರಿಜಾ ಬಂದು, ತಾನು ಬಿಡಿಸಿದ ಚಿತ್ರಗಳನ್ನು ಕಾಲೊನಿಯ ಸಭಾಭವನದಲ್ಲಿ ತೂಗುಹಾಕುತ್ತಾರಂತೆ ಎಂದಳು. ನನ್ನ ಹೊಟ್ಟೆಯಲ್ಲಿ ಕಿಚ್ಚು ಹತ್ತಿತು. ಅದೇ ಭವನದ ಬಾಗಿಲಿಗೆ ಹಬ್ಬಹಬ್ಬಕ್ಕೂ ರಂಗೋಲಿ ಹಾಕುವವಳು ನಾನು. ಎಲ್ಲರೂ ತುಳಿದೇ ಒಳಗೆ ಹೋಗುತ್ತಾರೆ.

ಆದರೂ ಬೇಳೆ ಬಿಟ್ಟು ಅವಳ ಮನೆಗೆ ನೋಡಲು ಹೋದೆ. ಒಂದರಲ್ಲಿ ಹಳೆಯ ಯುದ್ಧವಿಮಾನ. ಇನ್ನೊಂದರಲ್ಲಿ ಆಯುಧಪೂಜೆಗೆ ಬಾಳೆಕಂದು ಕಟ್ಟಿದ ಕರಿಯ ಉಗಿ ಎಂಜಿನ್. ನನ್ನಪ್ಪ ವಾಡಿ ರೈಲು ಜಂಕ್ಷನ್ನಿನಲ್ಲಿ ಅಂಥದ್ದಕ್ಕೇ ಕಲ್ಲಿದ್ದಲು ಹಾಕುತ್ತಿದ್ದ. ಅಪ್ಪನ ಎಂಜಿನ್ನೂ ಇವಳ ಪಾಲಾಯಿತಲ್ಲ ಎಂದು ಸಂಕಟವಾಯಿತು. ತಪ್ಪು ಹುಡುಕಿದೆ, ಸಿಕ್ಕಿತು.

"ಪೂಜಾ ಆದ ಎಂಜಿನ್ನಿಗೆ ಹಣಿ ಮ್ಯಾಲೆ ವಿಭೂತಿನೇ ಇಲ್ಲಲ್ರಿ! ನಮ್ಮಪ್ಪ ಮೊದಲ ಅದನ್ನ ಹಚ್ತಿದ್ದ."

ಗಿರಿಜಾ ಬಿಳಿ ಬಣ್ಣ ಅದ್ದಿದ ಕುಂಚ ನನ್ನ ಕೈಗಿಟ್ಟಳು. "ಹಂಗಾರ ನೀವ ಎಳೀರಿ, ಅಕ್ಕಾರ. ನಿಮ್ಮ ರಂಗೋಲಿ ಗೆರಿ ಕಂಡ್ರ ನನಗ ಭಾಳ ಹೊಟ್ಟಿಕಿಚ್ಚ್ರಿ," ಎಂದು ನಕ್ಕಳು.

ಮೂರು ಗೆರೆ ಎಳೆದೆ. ದೇವರ ದಯೆ, ನೆಟ್ಟಗೆ ಬಂದವು.

ಈಗ ಭವನದ ಗೋಡೆಯ ಮೇಲಿರುವ ಆ ಚಿತ್ರದ ಕೆಳಗೆ ಅವಳ ಹೆಸರೊಂದೇ ಇದೆ. ಭವನಕ್ಕೆ ಹೋದಾಗಲೆಲ್ಲ ಈಗಲೂ ಒಳಗೆ ಚುರುಕ್ಕೆನ್ನುತ್ತದೆ. ಆದರೆ ಅಪ್ಪನ ವಿಭೂತಿ ನನ್ನ ಕೈಯದು, ಶಿವ ಅಷ್ಟಾದರೂ ಕೊಟ್ಟ. ಅಂದು ಮನೆಗೆ ಬಂದು ಬೇಳೆ ತೊಳೆದು ಕುಕ್ಕರಿಗಿಟ್ಟೆ.