ಭೂಗೋಳದ ಮೇಷ್ಟ್ರು ಮತ್ತು ಕೊಳೆತ ಕಲ್ಲು

ಅವರ ಬಲಗೈ ಹೆಬ್ಬೆರಳಿನ ಉಗುರು ಅರ್ಧಕ್ಕೇ ಸವೆದುಹೋಗಿತ್ತು. ಉಳಿದ ಅರ್ಧದ ಅಡಿಯಲ್ಲಿ ಕೆಮ್ಮಣ್ಣು ಗೆರೆಯಾಗಿ ಕೂತಿರುತ್ತಿತ್ತು. ಮುಚ್ಚುಗೊರಳಿನ ಕೋಟು, ಒಗೆದು ಮಡಿಸಿದ ಪಂಚೆ, ಕರಿ ಟೋಪಿ, ಎಲ್ಲ ಶುಭ್ರ. ಆ ಒಂದು ಬೆರಳು ಮಾತ್ರ ಹೊಲದಲ್ಲಿ ಗೆಯ್ಯುವವನದು. ಎಲ್ಲೇ ಪಾಯ ತೋಡಿರಲಿ, ಗುಂಡಿ ಅಗೆದಿರಲಿ, ಮೇಷ್ಟ್ರು ನಿಂತು ಆ ಗೋಡೆಯನ್ನು ಹೆಬ್ಬೆರಳಿನಿಂದ ಗೀರಿ ನೋಡದೆ ಮುಂದೆ ಹೋಗುತ್ತಿರಲಿಲ್ಲ. "ಉಗುರಿಗೆ ಬಂದ್ರೆ ಮಣ್ಣು, ಉಗುರು ಮುರಿದ್ರೆ ಕಲ್ಲು" ಎನ್ನುತ್ತಿದ್ದರು.

ಮದುವೆಯಾಗಿ ನಾನು ಜಯನಗರಕ್ಕೆ ಬಂದಾಗ ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಸಂಜೆಯಾದರೆ ಆಚೆ ಹೊಲಗಳಿಂದ ನರಿ ಕೂಗುವುದು ಕೇಳುತ್ತಿತ್ತು. ಎದುರು ಮನೆಯಲ್ಲಿದ್ದವರೇ ಮೇಷ್ಟ್ರು. ಬಸವನಗುಡಿಯ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದರು. ಮಕ್ಕಳಿರಲಿಲ್ಲ. ಗಂಡ ಹೆಂಡತಿ ಇಬ್ಬರೇ.

ಅವರೊಂದಿಗೆ ನನ್ನ ಮೊದಲ ಮಾತು ನಡೆದದ್ದು ಒಂದು ಮಳೆ ನಿಂತ ಮೇಲೆ. ಪಕ್ಕದ ಖಾಲಿ ಸೈಟಿನಲ್ಲಿ ಅವರು ಕುಕ್ಕರುಗಾಲಲ್ಲಿ ಕೂತು ನೆಲ ನೋಡುತ್ತಿದ್ದರು. ಏನೋ ಕಳೆದುಕೊಂಡಿದ್ದಾರೆಂದು ಹತ್ತಿರ ಹೋದೆ.

"ಏನು ಹುಡುಕ್ತಾ ಇದೀರಿ ಮೇಷ್ಟ್ರೇ?"

"ಹುಡುಕ್ತಾ ಇಲ್ಲಮ್ಮ, ನೋಡ್ತಾ ಇದೀನಿ. ಬಾ ಇಲ್ಲಿ. ಇದು ನದಿ. ಚಿಕ್ಕದು, ಅಷ್ಟೆ."

ಮಳೆನೀರು ಕೊರೆದ ಗೇಣುದ್ದದ ಕಾಲುವೆ. ಅದರ ಕೊನೆಯಲ್ಲಿ ಸಣ್ಣ ಮರಳು ಬೀಸಣಿಗೆಯ ಹಾಗೆ ಹರಡಿಕೊಂಡಿತ್ತು. ಮೇಲೆ ಸಡಿಲ ಮಣ್ಣನ್ನು ನೀರು ಹೇಗೆ ಎತ್ತಿಕೊಂಡಿತು, ಇಳಿಜಾರು ಮುಗಿದ ಕಡೆ ಸುಸ್ತಾಗಿ ಹೇಗೆ ಇಳಿಸಿತು, ಎಲ್ಲವನ್ನೂ ಕಡ್ಡಿಯಿಂದ ತೋರಿಸಿದರು. ಕಾವೇರಿ ಮಾಡುವುದೂ ಇಷ್ಟೇ, ಅದಕ್ಕೆ ಪುರಸೊತ್ತು ಹೆಚ್ಚು ಎಂದರು. ಲಾಲ್‌ಬಾಗಿನ ಬಂಡೆಯನ್ನು ನಾನು ಆಗಷ್ಟೇ ನೋಡಿ ಬಂದಿದ್ದೆ. ಅಷ್ಟು ದೊಡ್ಡ ಕಲ್ಲು ನೆಲದಿಂದ ಹೇಗೆ ಎದ್ದು ಬಂತು ಎಂದು ಕೇಳಿದೆ. ಮೇಷ್ಟ್ರು ನಕ್ಕರು.

"ಅದು ಮೇಲೆ ಬರ್ಲಿಲ್ಲ ಕಣಮ್ಮ. ಸುತ್ತ ಇದ್ದ ಮಣ್ಣು ಕೆಳಗೆ ಹೋಯ್ತು."

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಬಂದವಳು. ಭೂಗೋಳವೆಂದರೆ ರಾಜಧಾನಿಗಳನ್ನು ಬಾಯಿಪಾಠ ಮಾಡುವುದು ಎಂದುಕೊಂಡಿದ್ದೆ. ಕಾಲಡಿಯ ನೆಲಕ್ಕೂ ಒಂದು ಹಿಂದಿನ ಬಾಳು ಇದೆ ಎಂದು ಹೇಳಿದವರು ಅವರೊಬ್ಬರೇ.

ಎರಡು ಬೇಸಿಗೆ ಕಳೆದವು. ನಲ್ಲಿಯಲ್ಲಿ ನೀರು ದಾರದಷ್ಟು ಬರುತ್ತಿತ್ತು. ನಮ್ಮ ಮಾವನವರು ಸೆಕ್ರೆಟೇರಿಯೆಟ್ಟಿನಿಂದ ನಿವೃತ್ತರಾದವರು, ಹಿಡಿದದ್ದನ್ನು ಬಿಡದವರು. ಹಿತ್ತಲಲ್ಲಿ ಬಾವಿ ತೋಡಿಸಿಯೇ ತೀರುತ್ತೇನೆಂದು ಹೊರಟರು. ಅರೆಕೆರೆ ಕಡೆಯಿಂದ ಒಬ್ಬ ಮೇಸ್ತ್ರಿ ತನ್ನ ತಮ್ಮಂದಿರನ್ನು ಕಟ್ಟಿಕೊಂಡು ಬಂದ. ಮೊದಲು ಕೆಮ್ಮಣ್ಣು ಬಂತು. ಆಮೇಲೆ ಹರಳುಹರಳಾದ ಗರಸು. ಅದರ ಕೆಳಗೆ ಬೂದು ಬಿಳಿ ಪಟ್ಟೆ ಪಟ್ಟೆಯಾದ ಪದರ, ಓರೆಯಾಗಿ ಮಲಗಿದಂತೆ. ಹಾರೆ ಹಾಕಿದರೆ ಹೋಳು ಹೋಳಾಗಿ ಏಳುತ್ತಿತ್ತು.

ಮಾವನವರಿಗೆ ಖುಷಿ. "ಬಂಡೆ ಸಿಕ್ತು! ಇನ್ನು ಒಳಗಡೆ ಗೋಡೆ ಕಟ್ಟೋದು ಬೇಕಾಗಿಲ್ಲ."

ಆ ಸಂಜೆ ಮೇಷ್ಟ್ರು ಸ್ಕೂಲಿನಿಂದ ಬಂದವರು ಕೋಟು ಕಳಚಿ ಹಗ್ಗ ಹಿಡಿದು ಬಾವಿಗೆ ಇಳಿದರು. ಬಹಳ ಹೊತ್ತು ಒಳಗೇ ಇದ್ದರು. ಮೇಲೆ ಬಂದಾಗ ಮುಖ ಬಿಳಿಚಿಕೊಂಡಿತ್ತು.

"ನಿಲ್ಲಿಸಿ ಸ್ವಾಮಿ. ಇದು ಬಂಡೆ ಅಲ್ಲ, ಕೊಳೆತ ಕಲ್ಲು."

"ಕಲ್ಲು ಕೊಳೆಯುತ್ತೇನ್ರೀ?"

"ಕೊಳೆಯುತ್ತೆ. ಬಿರುಕಿನಲ್ಲಿ ನೀರು ಇಳಿದು ಇಳಿದು, ಒಂದು ಭಾಗ ಜೇಡಿ ಆಗುತ್ತೆ, ಇನ್ನೊಂದು ಮರಳಾಗುತ್ತೆ. ಪಟ್ಟೆ ಮಾತ್ರ ಇದ್ದ ಹಾಗೇ ಇರುತ್ತೆ. ನೋಡೋಕೆ ಕಲ್ಲೇ. ಒಂದು ಜೋರು ಮಳೆ ಬಂದ್ರೆ ಪದರದ ಮೇಲೆ ಪದರ ಜಾರುತ್ತೆ. ಕಲ್ಲು ಕಟ್ಟಿಸಿ, ಆಮೇಲೆ ಇಳಿಸಿ ಜನಾನ."

ಮಾವನವರು ಸಿಡುಕಿದರು. "ಪಾಠ ಹೇಳೋದು ನಿಮ್ಮ ಕೆಲಸ ಮೇಷ್ಟ್ರೇ. ಬಾವಿ ತೋಡೋದು ಇವರ ಕೆಲಸ."

ಮೇಷ್ಟ್ರು ಜಗಲಿಯ ಮೇಲೆ ಕೂತರು. ಮೇಸ್ತ್ರಿ, ಅವನ ತಮ್ಮಂದಿರು, ನನ್ನ ಗಂಡ, ಎಲ್ಲರೂ ಕೇಳುವಂತೆ, ಆದರೆ ಯಾರ ಮುಖವನ್ನೂ ನೋಡದೆ ಹೇಳಿದರು. ತಾವು ಕಾಲೇಜು ಮುಗಿಸಿದ ಹೊಸತರಲ್ಲಿ ವಸಂತಪುರದ ಪರಿಚಯಸ್ಥರೊಬ್ಬರು ತೋಟದಲ್ಲಿ ಬಾವಿ ತೋಡಿಸುತ್ತಿದ್ದರಂತೆ. ಇದೇ ಪಟ್ಟೆ ಕಲ್ಲು. ಭೂಗರ್ಭಶಾಸ್ತ್ರ ಓದಿ ಬಂದ ಉತ್ಸಾಹ. ಇಳಿಯಲು ಹಿಂದೆಮುಂದೆ ನೋಡುತ್ತಿದ್ದ ಕೆಲಸದ ಹುಡುಗನಿಗೆ ಇವರೇ ಧೈರ್ಯ ಹೇಳಿದ್ದರು.

"ಕೋಟಿ ವರ್ಷದ ಬಂಡೆ ಕಣಯ್ಯ ಇದು, ಇವತ್ತು ಬೀಳುತ್ತಾ, ಇಳಿ ಅಂದೆ. ಹಿಂದಿನ ದಿನ ಮಳೆ ಆಗಿತ್ತು. ನನ್ನ ಮಾತು ನಂಬಿ ಇಳಿದ. ಮೇಲೆ ಬರ್ಲಿಲ್ಲ."

ಮೇಸ್ತ್ರಿ ಗುದ್ದಲಿಯನ್ನು ಗೋಡೆಗೆ ಒರಗಿಸಿದ. ಮಾವನವರು ಒಳಗೆ ಹೋದರು.

ಅದೇ ರಾತ್ರಿ ಮಳೆ ಹೊಯ್ಯಿತು. ಬೆಳಿಗ್ಗೆ ಬಿಸಿಲು ಬಂದಿತ್ತು. ಕೆಲಸದವರು ಬಂದರು, ಆದರೆ ಇಳಿಯಲಿಲ್ಲ. "ಇವತ್ತೊಂದಿನ ಬ್ಯಾಡಿ ಸ್ವಾಮಿ" ಎಂದ ಮೇಸ್ತ್ರಿ. ಮಾವನವರ ಕೋಪ ನೆತ್ತಿಗೇರಿತು. ನನ್ನ ಗಂಡನ ಕಡೆ ತಿರುಗಿದರು.

"ನೀನೇ ಇಳಿಯೋ. ಏನೂ ಆಗಲ್ಲ ಅಂತ ಇವರಿಗೆ ತೋರ್ಸು."

ನನ್ನ ಗಂಡ ತಂದೆಗೆ ಎದುರಾಡಿದವರಲ್ಲ. ಪಂಚೆ ಎತ್ತಿ ಕಟ್ಟಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಬೇಡ ಎನ್ನಲು ಬಾಯಿ ತೆರೆದೆ. ಮಾವನವರ ಎದುರು ಅದುವರೆಗೆ ಗಟ್ಟಿಯಾಗಿ ಮಾತಾಡಿದವಳೇ ಅಲ್ಲ ನಾನು. ಮುಂಬಾಗಿಲಿನಿಂದ ಬೀದಿಗೆ ಓಡಿದೆ. ಮೇಷ್ಟ್ರು ಛತ್ರಿ ಹಿಡಿದು ಸ್ಕೂಲಿಗೆ ಹೊರಟಿದ್ದರು. ನಾನು ಏನು ಹೇಳಿದೆನೋ, ಅವರು ಛತ್ರಿಯನ್ನು ಅಲ್ಲೇ ಬಿಟ್ಟು ಹಿತ್ತಲಿಗೆ ಬಂದರು.

ನೇರ ಹೋಗಿ ರಾಟೆಯಿಂದ ಹಗ್ಗವನ್ನು ಎಳೆದುಕೊಂಡರು. ಸುರುಳಿ ಸುತ್ತಿ, ಬಾವಿಯಿಂದ ದೂರ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ತೊಡೆಯ ಮೇಲಿಟ್ಟುಕೊಂಡರು. ಕೆಸರು ಅವರ ಪಂಚೆಯ ತುಂಬ ಇಳಿಯಿತು.

"ಹಗ್ಗ ಕೊಡಿ ಮೇಷ್ಟ್ರೇ" ಎಂದರು ಮಾವನವರು.

"ಕೊಡಲ್ಲ."

"ಇದು ನನ್ನ ಮನೆ. ನಿಮ್ಮ ಹೆಡ್‌ಮಾಸ್ಟರಿಗೆ ಹೇಳ್ತೀನಿ. ಪೊಲೀಸರನ್ನ ಕರೆಸ್ತೀನಿ."

"ಕರೆಸಿ. ಅವರು ಬರೋವರೆಗೂ ಕೂತಿರ್ತೀನಿ."

ಬೀದಿಯವರು ಬಂದು ಬೇಲಿಯಾಚೆ ನಿಂತರು. ಒಬ್ಬಿಬ್ಬರು ನಕ್ಕರು. ಕ್ಲಾಸಿನಲ್ಲಿ ಹುಡುಗರನ್ನು ಗದರಿಸಲೂ ಆಗದ ಮನುಷ್ಯ, ಹಗ್ಗವನ್ನು ಮಗುವಿನ ಹಾಗೆ ಅವುಚಿಕೊಂಡು ತಲೆ ತಗ್ಗಿಸಿ ಕೂತಿದ್ದರು. ನಾನು ಕಾಫಿ ಕೊಟ್ಟೆ, ಕುಡಿಯಲಿಲ್ಲ. ಮಧ್ಯಾಹ್ನದ ಊಟಕ್ಕೆ ಅವರ ಹೆಂಡತಿ ಬಂದು ಕರೆದರು, ಏಳಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಹಿತ್ತಲಿನಿಂದ ಒಂದು ಸದ್ದು ಬಂತು. ದೊಡ್ಡದೇನಲ್ಲ. ಮೂಟೆಯ ಬಾಯಿ ಬಿಚ್ಚಿ ರಾಗಿ ಸುರಿದಂತೆ. ಹೋಗಿ ನೋಡಿದರೆ ಬಾವಿಯ ಒಂದು ಮಗ್ಗುಲು ಪಟ್ಟೆಗಳ ಸಮೇತ ಜಾರಿ ಕೆಳಗೆ ಕೂತಿತ್ತು. ಜನ ನಿಲ್ಲುತ್ತಿದ್ದ ಜಾಗವೇ ಕಾಣುತ್ತಿರಲಿಲ್ಲ.

ಮೇಷ್ಟ್ರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಅವರು ಹಗ್ಗ ಕೆಳಗಿಟ್ಟು, ಗೋಡೆಯ ಮರೆಗೆ ಹೋಗಿ ವಾಂತಿ ಮಾಡಿಕೊಂಡರು.

ಮಾವನವರು ಆಮೇಲೆ ಬಾವಿಗೆ ಕಲ್ಲು ಕಟ್ಟಿಸಿದರು, ನೀರೂ ಸಿಕ್ಕಿತು. ಆದರೆ ಮೇಷ್ಟ್ರೊಂದಿಗೆ ಮತ್ತೆ ಮಾತಾಡಲಿಲ್ಲ. ಮೇಷ್ಟ್ರು ಬೀದಿಯಲ್ಲಿ ಬರುವುದು ಕಂಡರೆ ಪೇಪರು ಮಡಿಸಿಕೊಂಡು ಒಳಗೆ ಹೋಗುತ್ತಿದ್ದರು. ಕೋಪವಲ್ಲ ಅದು. ಮಗನಿಗೆ ಇಳಿ ಎಂದ ತಮ್ಮ ಮಾತು ಆ ಮುಖದ ಹಿಂದೆ ಅವರಿಗೆ ಕೇಳಿಸುತ್ತಿತ್ತೆಂದು ತೋರುತ್ತದೆ.

ಸುದ್ದಿ ಹಬ್ಬಿ ಬಿಳೇಕಹಳ್ಳಿಯಿಂದ, ಬನಶಂಕರಿ ಕಡೆಯಿಂದ ಜನ ಬರತೊಡಗಿದರು, ಬಂದು ತಮ್ಮ ಬಾವಿ ನೋಡಿ ಎಂದು. ಮೇಷ್ಟ್ರು ಎಲ್ಲರ ಜೊತೆಗೂ ಹೋಗುತ್ತಿದ್ದರು. ಆದರೆ ಒಂದು ಷರತ್ತು. "ಬೇಡ ಅನ್ನೋದಿದ್ರೆ ಹೇಳ್ತೀನಿ. ಸರಿ ಅಂತ ಮಾತ್ರ ನನ್ನ ಬಾಯಿಂದ ಹೇಳಿಸ್ಬೇಡಿ." ಕಲ್ಲು ಕಟ್ಟಿ ಮುಗಿದ ನಮ್ಮ ಬಾವಿಯನ್ನೇ ತೋರಿಸಿ ನಾನೊಮ್ಮೆ ಕೇಳಿದ್ದೆ, ಈಗ ಸರಿಯಾಯಿತಾ ಮೇಷ್ಟ್ರೇ ಎಂದು. ಅವರು ಬಾವಿಯೊಳಗೆ ಬಗ್ಗಿ ನೋಡಿ, ಟೋಪಿ ಸರಿಮಾಡಿಕೊಂಡು, ಹವೆಯ ಮಾತೆತ್ತಿ ಹೊರಟುಬಿಟ್ಟರು.

ಅರವತ್ತರ ದಶಕದ ಕೊನೆಗೆ ಅವರ ಶ್ವಾಸಕೋಶ ಕೈಕೊಟ್ಟಿತು. ಹಾಸಿಗೆ ಹಿಡಿದಾಗ ನಾನು ದಿನಾ ಗಂಜಿ ಒಯ್ಯುತ್ತಿದ್ದೆ. ಒಂದು ದಿನ ಧೈರ್ಯ ಮಾಡಿ ಹೇಳಿದೆ.

"ನಮ್ಮನೆಯವರು ಇವತ್ತು ಇರೋದು ನಿಮ್ಮಿಂದ ಮೇಷ್ಟ್ರೇ. ಆ ಮೇಸ್ತ್ರಿ, ಅವನ ತಮ್ಮಂದಿರು, ಎಲ್ಲರೂ. ಹೋದ ಒಬ್ಬನಿಗೆ ಪ್ರತಿಯಾಗಿ ಎಷ್ಟು ಜನಾನ ಉಳಿಸಿದ್ರಿ."

ಅವರು ಉಸಿರೆಳೆದುಕೊಂಡು, "ಅದು ಹಾಗೆ ತೀರಲ್ಲಮ್ಮ" ಎಂದರು. ಅದೇ ವಾರ ತೀರಿಕೊಂಡರು.

ಕರ್ಮಾಂತರ ಮುಗಿದ ಮೇಲೆ ಅವರ ಹೆಂಡತಿ ನನ್ನನ್ನು ಕರೆದು, "ವಸಂತಪುರದಲ್ಲಿ ಒಬ್ಬರಿಗೆ ಹೇಳ್ಬೇಕು. ಜೊತೆಗೆ ಬರ್ತೀಯಾ?" ಎಂದರು. ಸತ್ತ ಹುಡುಗನ ತಾಯಿ ಇನ್ನೂ ಬದುಕಿದ್ದಾಳೆ, ಮೇಷ್ಟ್ರು ವರ್ಷಕ್ಕೊಮ್ಮೆ ಅಲ್ಲಿಗೆ ಹೋಗುತ್ತಿದ್ದರು ಎನ್ನುವುದು ನನಗೆ ಆಗಲೇ ತಿಳಿದದ್ದು.

ದೇವಸ್ಥಾನದ ಗುಡ್ಡದ ತಪ್ಪಲಲ್ಲಿ ಹೆಂಚಿನ ಮನೆ. ಮುದುಕಿ ಅವರೆಕಾಯಿ ಸುಲಿಯುತ್ತಿದ್ದಳು. ಸುದ್ದಿ ಕೇಳಿ ಕೈ ನಿಲ್ಲಿಸಿದಳು.

"ಈ ಸಲ ಬರ್ನಿಲ್ವಲ್ಲ ಅಂತ ನೋಡ್ತಿದ್ದೆ. ಬಂದು ಆ ಜಗಲಿ ಮ್ಯಾಲೆ ಕುಂತ್ಕಂಡು ಹೋಗೋರು. ನಾನು ಒಂದ್ ಸಲಾನೂ ಮಾತಾಡ್ಸ್ನಿಲ್ಲ. ಹೆಂಗ್ ಮಾತಾಡ್ಸ್ಲಿ?"

ಮೇಷ್ಟ್ರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮುದುಕಿ ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

"ಅವ್ನ ಜೊತೆ ಇದ್ದೋರು ಯಾರೂ ಈ ಊರ್ನಾಗೆ ಉಳಿದಿಲ್ಲ ಕಣವ್ವ. ನನ್ ಮಗನ್ನ ನೆನ್ಸ್ಕಳೋರು ಅಂತ ಆವಯ್ಯ ಒಬ್ರಿದ್ರು. ಇನ್ ನಾನೊಬ್ಳೇ ಆದೆ."

ಮರುವರ್ಷ ಅದೇ ಹೊತ್ತಿಗೆ, ಮನೆಯಲ್ಲಿ ಯಾರಿಗೂ ಹೇಳದೆ, ನಾನು ವಸಂತಪುರಕ್ಕೆ ಹೋದೆ. ಜಗಲಿಯ ಮೇಲೆ ಕೂತೆ. ಮುದುಕಿ ಏಕೆ ಬಂದೆ ಎಂದು ಕೇಳಲಿಲ್ಲ. ಒಳಗೆ ಹೋಗಿ ಬಂದು, ನನ್ನ ಪಕ್ಕ ಕೂತು, ತನ್ನ ಮಗ ಚಿಕ್ಕವನಿದ್ದಾಗ ಹೇಗಿದ್ದ ಎಂದು ಹೇಳಲು ಶುರುಮಾಡಿದಳು. ಅವಳು ಇರುವವರೆಗೂ ಹೋದೆ.