ರೊಟ್ಟಿಯ ಚೂರು ಇಟ್ಟ ಮೂಲೆ

ಸಹನಾ, ಚೇತನ, ಈ ಬೆಳಿಗ್ಗೆ ಮಾಳಿಗೆಯ ಮೇಲೆ ಒಂದು ಕೌದಿಯನ್ನು ಬಿಸಿಲಿಗೆ ಹರವಿದೆ. ಬೇವಿನೆಲೆಯ, ಹಳೆಯ ನೂಲಿನ ಸೀರೆಯ ವಾಸನೆ ಎದ್ದಿತು... ಎದುರುಮನೆಯ ಅಕ್ಕ ಪಕ್ಕದಲ್ಲೇ ಬಂದು ಕೂತಂತಾಯಿತು.

ಅಕ್ಕ ಯಾದಗಿರಿ ಕಡೆಯವರು. ದಿಲ್‌ಸುಖ್‌ನಗರಕ್ಕೆ ಇಟ್ಟಿಗೆ ಹೊರಲು ಬಂದು ಇಲ್ಲೇ ಉಳಿದರು. ಹೊರಗೆ ತೆಲುಗು, ಹೊಸಿಲು ದಾಟಿದರೆ ನಮ್ಮ ಮಾತು. ಕೆಲಸವಿಲ್ಲದ ದಿನ ಹಳೆಯ ಸೀರೆ ಹರಿದು ಕೌದಿ ಹೊಲಿಯುತ್ತಿದ್ದರು, ನಾನೂ ಜೊತೆಗೆ ಕೂಡುತ್ತಿದ್ದೆ. ಕೊನೆಗೆ ಒಂದು ಮೂಲೆ ಬಿಟ್ಟು, ಅದರೊಳಗೆ ರೊಟ್ಟಿಯ ಚೂರು ಇಟ್ಟು ಮುಚ್ಚಬೇಕು. ಕೌದಿಯ ಹೊಟ್ಟೆ ತುಂಬಿಸದೆ ಯಾರಿಗೂ ಹೊದಿಸುವಂತಿಲ್ಲ.

ಅಕ್ಕನ ಒಬ್ಬಳೇ ಮಗಳು ಓದಿ, ಗೆಳತಿಯರೊಡನೆ ಒಂದು ಸಣ್ಣ ಸಿನಿಮಾ ಮಾಡಲು ಹೊರಟಳು. ಊರು ಬಿಟ್ಟು ಬಂದವರ ಮಗಳಿಗೆ ತಾಯಿಯಿಂದ ಏನು ಬರುತ್ತದೆ ಎಂಬುದೇ ಅದರ ಕಥೆ. ಅವ್ವ ಕೌದಿ ಹೊಲಿಯುವುದನ್ನು ತೆಗೆಯುತ್ತೇನೆ ಎಂದಳು. ಅಕ್ಕನೋ, ಕ್ಯಾಮೆರಾ ಬರುವ ದಿನ ಹಳೆಯ ಸೀರೆಗಳನ್ನೆಲ್ಲ ಬಚ್ಚಿಟ್ಟು ಮಿರಿಮಿರಿ ಹೊಸ ಬಟ್ಟೆ ತಂದಿದ್ದರು!

“ಯವ್ವಾ, ಇದು ಯಾಕ? ನೀ ಉಟ್ಟ ಸೀರಿ ಬೇಕು.”

“ನಿನಗ ಕೊಡಾಕ ಹೊಲ ಇಲ್ಲ, ಮನಿ ಇಲ್ಲ. ಹರಕ ಸೀರಿ ಕೊಟ್ಲು ಅಂತ ಮಂದಿ ನಗಬೇಕೇನ?”

“ನಗಲಿ ಬಿಡು. ನನ್ನ ಆಸ್ತಿ ನಾ ತೋರಸ್ತೀನಿ.”

ಅಕ್ಕ ಹೊಸ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟರು. ಆಮೇಲೆ, ಇಟ್ಟಿಗೆ ಹೊರುವಾಗ ತಲೆಗೆ ಸಿಂಬೆ ಮಾಡಿಕೊಳ್ಳುತ್ತಿದ್ದ ಸೀರೆಯನ್ನೇ ಟ್ರಂಕಿನಿಂದ ತೆಗೆದು ಹರಿದರು.

ಕೊನೆಯ ಮೂಲೆ ಉಳಿದಿತ್ತು... ಅಷ್ಟರಲ್ಲಿ ಅಕ್ಕ ಜ್ವರದಲ್ಲಿ ಹೋಗಿಬಿಟ್ಟರು. ಸಿನಿಮಾ ನಿಂತಿತು.

ಕೆಲವು ತಿಂಗಳ ಮೇಲೆ ಮಗಳು ಕೌದಿ ಹಿಡಿದು ನನ್ನ ಬಾಗಿಲಿಗೆ ಬಂದಳು. “ಚಿಗವ್ವಾ, ಅವ್ವ ಹೊಲಿಯೂದು ಬರೇ ಕ್ಯಾಮೆರಾದಾಗ ನೋಡೀನಿ. ನನಗ ಬರಂಗಿಲ್ಲ. ಕಲಸ್ರಿ.”

ಮದುವೆಯ ಫೋಟೋದಲ್ಲೂ ಹಿಂದೆ ಅಡಗುವವಳು ನಾನು. ಆದರೂ ಅಂದು ರೊಟ್ಟಿ ಬಡಿದು, ಚೂರು ಮುರಿದಿಟ್ಟು, ಕ್ಯಾಮೆರಾದ ಮುಂದೆ ಕೂತೆ. ಅವಳ ಹೊಲಿಗೆ ಸೊಟ್ಟ ಬಂತು. “ಬಿಚ್ಚವ್ವಾ! ನಿಮ್ಮವ್ವ ಇದ್ದಿದ್ರ ಬೆನ್ನಿಗೆ ಗುದ್ದತಿದ್ರು!” ಎಂದು ಜೋರಾಗಿ ಗದರಿದೆ. ಕ್ಯಾಮೆರಾ ಮರೆತೇಹೋಗಿತ್ತು. ಅವಳು ಬಿಚ್ಚಿ ಮತ್ತೆ ಹೊಲಿದು, ಚೂರು ಒಳಗಿಟ್ಟು ಮೂಲೆ ಮುಚ್ಚಿದಳು.

ನಾಂಪಲ್ಲಿಯ ಒಂದು ಸಣ್ಣ ಹಾಲ್‌ನಲ್ಲಿ ಸಿನಿಮಾ ತೋರಿಸಿದರು. ನನ್ನ ಆ ಮಾತಿಗೆ ಜನ ನಕ್ಕರು. ಸಿಂಬೆಯ ಸೀರೆ ಪರದೆ ತುಂಬಾ ಬಂದಾಗ ಒಬ್ಬರೂ ನಗಲಿಲ್ಲ. ಕೊನೆಗೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಸೆರಗು ಮುಖಕ್ಕೆ ಎಳೆದುಕೊಳ್ಳಲಿಲ್ಲ, ಮಕ್ಕಳೇ. ಅಕ್ಕನ ಪಾಲಿನ ಹೆಮ್ಮೆಯನ್ನೂ ನಾನೇ ಪಟ್ಟೆ... ಅವರು ಇರಬೇಕಿತ್ತು.

ಅಕ್ಕನ ಮಗಳು ಈಗ ಸಿನಿಮಾ ಹಿಡಿದು ಊರೂರು ತಿರುಗುತ್ತಾಳೆ. ಬರುವವರೆಗೆ ಕೌದಿ ನನ್ನ ಹತ್ತಿರ. ನಿಮಗೂ ಒಂದು ಹೊಲಿಯುತ್ತಿದ್ದೇನೆ. ಈ ಹಾಳೆಗಳನ್ನು ಅದರ ಮಡಿಕೆಯಲ್ಲೇ ಇಡುತ್ತೇನೆ, ಕಳೆಯಬೇಡಿ. ಕೊನೆಯ ಮೂಲೆ ಮುಚ್ಚುವುದು ಹೇಗೆಂದು ಇವುಗಳಲ್ಲಿದೆ, ಆ ಹೊತ್ತಿಗೆ ನಾನಿರದಿದ್ದರೆ ನೀವೇ ಮುಚ್ಚಿ.