ಬೀಗದ ಕೈಯ ಸದ್ದು

ನಿನ್ನೆ ಸಂಜೆ ಕಂಪನಿಯ ಬಸ್ಸಿಳಿದು ಬಾಗಿಲಿಗೆ ಬಂದವನು, ಎಂದಿನ ಹಾಗೆ ಬೀಗದ ಕೈಗಳ ಗೊಂಚಲನ್ನು ಝಣಝಣ ಅಲ್ಲಾಡಿಸಿ, ಸ್ವಲ್ಪ ತಡೆದು, ಆಮೇಲೆ ಬೀಗ ತೆಗೆದೆ. ಎದುರು ಮನೆಗೆ ಹೊಸದಾಗಿ ಬಂದಿರುವ ಮೂಡುಬಿದಿರೆಯ ಇಂಜಿನಿಯರು ನೋಡುತ್ತ ನಿಂತಿದ್ದರು.

“ಒಳಗೆ ಯಾರಿದ್ದಾರೆ ಸರ್?”

“ಯಾರೂ ಇಲ್ಲ.”

“ಮತ್ತೆ ಅದು ಯಾರಿಗೆ ಬೆಲ್ಲು?”

ಏನು ಹೇಳುವುದು, ಹೇಳಿ? ಕತಾರಿನ ಮೆಸಯೀದಿನ ಕಂಪನಿ ಮನೆಗಳಲ್ಲಿ ಒಂಟಿಯಾಗಿರುವ ಗಂಡಸರಿಗೆಲ್ಲ ಒಂದೊಂದು ಹುಚ್ಚು. ಮೇಲಿನ ಮನೆಯವರು ಟಿವಿಯ ಜೊತೆ ಜಗಳವಾಡುತ್ತಾರೆ. ಇನ್ನೊಬ್ಬರು ದಿನಾ ಇಬ್ಬರಿಗಾಗುವಷ್ಟು ಚಹಾ ಮಾಡಿ ಅರ್ಧ ಚೆಲ್ಲುತ್ತಾರೆ. ನನ್ನದು ಇದು. ಆದರೆ ಇದಕ್ಕೊಂದು ಕತೆ ಉಂಟು. ನಿಮಗೆ ಪುರುಸೊತ್ತಿದ್ದರೆ ಕೇಳಿ. ನನಗಂತೂ ಇನ್ನೆರಡು ಗಂಟೆ ಬೇರೆ ಕೆಲಸವಿಲ್ಲ.

ಆಗ ನಾವು ದೋಹಾದಲ್ಲಿದ್ದೆವು: ನಾನು, ಹೆಂಡತಿ ಶೈಲಾ, ಎರಡು ತುಂಬಿದ ಮಗಳು ಆದ್ಯಾ. ಉಡುಪಿಯಲ್ಲಿ ಶೈಲಾಳ ಅಪ್ಪ ತೀರಿಕೊಂಡರೆಂದು ಸುದ್ದಿ ಬಂತು. ಮಗುವಿನ ಪಾಸ್‌ಪೋರ್ಟ್ ರಿನ್ಯೂವಲ್ಲಿಗೆ ಹೋಗಿದ್ದರಿಂದ ಶೈಲಾ ಒಬ್ಬಳೇ ಹೊರಟಳು. “ನಿಮ್ಮಿಂದ ಆಗ್ತದಾ?” ಎಂದು ಕೇಳಿದ್ದಕ್ಕೆ, “ಅಷ್ಟು ದೊಡ್ಡ ಗ್ಯಾಸ್ ಪ್ಲಾಂಟು ನೋಡಿಕೊಳ್ತೇನೆ, ಇಷ್ಟು ಸಣ್ಣ ಮಗು ಎಂತ ಮಹಾ” ಎಂದು ಜಂಭ ಕೊಚ್ಚಿದೆ. ಜಂಭಕ್ಕೆ ಆಯುಸ್ಸು ಕಡಿಮೆ. ಕೆಲವೇ ದಿನಗಳಲ್ಲಿ ಮಗುವಿಗೆ ಜ್ವರ ಬಂತು, ಕೆಮ್ಮು ಬಂತು, ಒಂದು ಬೆಳಿಗ್ಗೆ ನೋಡುತ್ತೇನೆ, ಉಸಿರೆಳೆದಾಗಲೆಲ್ಲ ಪಕ್ಕೆ ಗುಳಿ ಬೀಳುತ್ತಿದೆ. ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ. ಕೂಡಲೇ ಅಡ್ಮಿಟ್ ಮಾಡಿ ಮೂಗಿಗೆ ಆಕ್ಸಿಜನ್ ಕೊಟ್ಟರು.

ಶೈಲಾಳಿಗೆ ಅಂದೇ ಮಧ್ಯಾಹ್ನದ ವಿಮಾನ ಸಿಕ್ಕಿತು. “ಬೋರ್ಡಿಂಗ್ ಆಗ್ತಾ ಉಂಟು. ಮಗುವಿಗೆ ಎಂತ ಕೊಡುವುದಿದ್ರೂ ನನ್ನ ಹತ್ರ ಒಮ್ಮೆ ಹೇಳಿ ಮಾರಾಯ್ರೆ” ಎಂದಳು. ಫೋನ್ ಕಡಿಯಿತು.

ಅದು ಫ್ಲೂ ಇದ್ದ, ಫ್ಲೂ ಅನುಮಾನವಿದ್ದ ಮಕ್ಕಳ ವಾರ್ಡು. ಸಾಲು ಹಾಸಿಗೆ, ನಡುವೆ ಪರದೆ, ಪ್ರತಿ ಪರದೆಯ ಹಿಂದೆ ಒಬ್ಬೊಬ್ಬ ತಾಯಿ. ಗಂಡಸು ಎಂದರೆ ನಾನೊಬ್ಬನೇ. ನಮ್ಮ ಉಡುಪಿ ಬಳಿಯ ಶಿರ್ವದ ನರ್ಸು ಗ್ರೇಸಿ ಸಿಸ್ಟರ್ ಮೊದಲೇ ಹೇಳಿದರು: “ಪರದೆಯಿಂದ ಹೊರಗೆ ಬರುವ ಮೊದಲು ಒಂದು ಶಬ್ದ ಮಾಡಿ ಆಯ್ತಾ? ಹೆಂಗಸರಿಗೆ ತಲೆವಸ್ತ್ರ ಸರಿ ಮಾಡ್ಲಿಕ್ಕೆ ಇರ್ತದೆ.” ನನ್ನ ಅಜ್ಜ ಅಡುಗೆಮನೆಯ ಹೊಸಿಲಲ್ಲಿ ಗಂಟಲು ಕೆರೆದೇ ಒಳಗೆ ಬರುತ್ತಿದ್ದರು. ನಾನೂ ಅದೇ ಸಂಪ್ರದಾಯದಂತೆ ಗಟ್ಟಿಯಾಗಿ ಕೆಮ್ಮಿ ಹೊರಗೆ ಬಂದೆ. ಅಯ್ಯೋ ದೇವರೇ! ಪಕ್ಕದ ಹಾಸಿಗೆಯ ಬೆಲ್ಲು, ಅದರಾಚೆಯದು, ಎಲ್ಲ ಒಟ್ಟಿಗೆ ಹೊಡೆದುಕೊಂಡವು. ಸಿಸ್ಟರ್ ಮಾಸ್ಕ್ ಹಿಡಿದು ಓಡಿ ಬಂದರು. “ಫ್ಲೂ ವಾರ್ಡಿನಲ್ಲಿ ಯಾರಾದ್ರೂ ಕೆಮ್ತಾರಾ! ಬೇರೆ ಎಂತಾದ್ರೂ ಮಾಡಿ.” ಜೇಬಿನಲ್ಲಿ ಬೀಗದ ಕೈ ಇತ್ತು. ಆಮೇಲೆ ಅದನ್ನೇ ಅಲ್ಲಾಡಿಸತೊಡಗಿದೆ.

ಸ್ವಲ್ಪ ಹೊತ್ತಿಗೆ ಡಾಕ್ಟರ್ ಬಂದರು. ಸುಡಾನಿನವರು, ಮೆಲುದನಿಯ ಹೆಂಗಸು. ಮೂಗಿನ ಸ್ಯಾಂಪಲ್ ಲ್ಯಾಬಿಗೆ ಹೋಗಿದೆ, ಇದು ಫ್ಲೂ ಇರುವ ಹಾಗೆ ಕಾಣುತ್ತದೆ, ವೈರಸ್ಸಿನ ಔಷಧಿ ಈಗಲೇ ಶುರು ಮಾಡಬೇಕು ಎಂದರು.

“ರಿಪೋರ್ಟ್ ಬರಲಿ ಡಾಕ್ಟರ್. ಅಷ್ಟರಲ್ಲಿ ಇವಳ ಅಮ್ಮನೂ ಬರುತ್ತಾಳೆ.”

“ಮಗು ತುಂಬ ಚಿಕ್ಕದು, ಉಸಿರಿಗೆ ಕಷ್ಟಪಡುತ್ತಿದೆ. ಬೇಗ ಕೊಟ್ಟಷ್ಟೂ ಉಪಯೋಗ ಹೆಚ್ಚು. ರಿಪೋರ್ಟಿಗೆ ಕಾದರೆ ಆ ಹೊತ್ತೆಲ್ಲ ವೈರಸ್ಸಿಗೆ ಲಾಭ.”

“ಗುಣವಾಗುತ್ತದಲ್ಲ?”

“ಗ್ಯಾರಂಟಿ ಕೊಡಲಾರೆ. ಕಾಯಬಾರದು ಎನ್ನುವುದು ಗೊತ್ತು. ವಾಂತಿ ಆಗಬಹುದು, ಹೆದರಬೇಡಿ.”

ಶೈಲಾಳಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಎಲ್ಲೋ ಸಮುದ್ರದ ಮೇಲಿದ್ದಾಳೆ ಎಂದು ಗೊತ್ತಿದ್ದೂ ಮತ್ತೆ ಮತ್ತೆ ಮಾಡಿದೆ. ಬಸಳೆ ತರಲೋ ಹರಿವೆ ತರಲೋ ಎಂದು ಅಂಗಡಿಯಿಂದ ಹೆಂಡತಿಯನ್ನು ಕೇಳುವ ಜಾತಿಯ ಮನುಷ್ಯ ನಾನು. ನಮ್ಮ ಪ್ಲಾಂಟಿನಲ್ಲೂ ಎರಡು ಸಹಿ ಬೀಳದೆ ಒಂದು ವಾಲ್ವ್ ತಿರುಗಿಸುವಂತಿಲ್ಲ. ಆದರೆ ಗ್ಯಾಸಿನ ಅಲಾರಂ ಹೊಡೆದರೆ ಮಾತು ಬೇರೆ: ಮೊದಲು ವಾಲ್ವ್ ಮುಚ್ಚು, ಸ್ಯಾಂಪಲ್ಲು, ಸಹಿ ಎಲ್ಲ ಆಮೇಲೆ. ಹೊಸಬರಿಗೆ ಇದನ್ನು ಪಾಠ ಹೇಳುವವನೂ ನಾನೇ. ಪಾಠ ಹೇಳುವುದು ಸುಲಭ. ವಾಲ್ವು ನಮ್ಮನ್ನು ಪಪ್ಪ ಎಂದು ಕರೆಯುವುದಿಲ್ಲವಲ್ಲ.

“ಕೊಡಿ” ಎಂದೆ. ಎಷ್ಟೋ ವರ್ಷದಿಂದ ಗಲ್ಫಿನಲ್ಲಿದ್ದೇನೆ. ಆ ಒಂದು ಮಾತು ಆಡಿದಾಗಿನಷ್ಟು ಒಂಟಿ ನಾನು ಎಂದೂ ಆಗಿಲ್ಲ.

ಸೂಜಿಯಿಲ್ಲದ ಸಿರಿಂಜಿನಲ್ಲಿ ಸಿಸ್ಟರ್ ಕೆನ್ನೆಯ ಒಳಗೆ ಔಷಧಿ ಬಿಟ್ಟರು. ಮಗು ಮುಖ ಕಿವುಚಿತು, ಆಮೇಲೆ ನನ್ನ ಅಂಗಿಯ ಮೇಲೆಯೇ ಒಂದಿಷ್ಟು ಕಕ್ಕಿತು. ಮಗುವನ್ನು ಹಿಡಿದುಕೊಂಡೇ ಎದ್ದು ನಿಂತೆ. “ಎಂತ ಸಹ ಆಗುವುದಿಲ್ಲ, ಡಾಕ್ಟರ್ ಹತ್ರ ಕೇಳಿ ಬರ್ತೇನೆ, ಕುತ್ಕೊಳ್ಳಿ” ಎಂದು ಸಿಸ್ಟರ್ ಕುರ್ಚಿ ಎಳೆದರು. ಸಂಜೆಯವರೆಗೂ ಆ ಪುಟ್ಟ ಎದೆ ಏರಿಳಿಯುವುದನ್ನೇ ನೋಡುತ್ತ ಕೂತೆ.

ಶೈಲಾ ವಿಮಾನ ನಿಲ್ದಾಣದಿಂದ ಸೂಟ್‌ಕೇಸ್ ಸಮೇತ ಬಂದಳು. ಅಪ್ಪನಿಗಾಗಿ ಅತ್ತು ಕೆಂಪಾದ ಕಣ್ಣು ಹಾಗೇ ಇತ್ತು. “ಔಷಧಿ ಶುರು ಮಾಡಿ ಆಯ್ತು. ನಿನ್ನನ್ನು ಕೇಳಲಿಲ್ಲ” ಎಂದೆ. ಅವಳು ಮಗುವಿನ ಹಣೆ ಮುಟ್ಟಿ ನೋಡಿದಳು. “ಕೇಳಿದ್ರೆ ನಾನು ಬೇಡ ಹೇಳ್ತಿದ್ದೆ. ನಾನು ಸಿಗದಿದ್ದದ್ದೇ ಒಳ್ಳೆದಾಯ್ತು” ಎಂದಳು.

ತಾಯಿ ಬಂದ ಮೇಲೆ ಆ ವಾರ್ಡಿನಲ್ಲಿ ತಂದೆಗೆ ಜಾಗವಿಲ್ಲ. ಭೇಟಿಯ ಹೊತ್ತಿಗೆ ಹೋಗಿ ಬರುತ್ತಿದ್ದೆ. ರಿಪೋರ್ಟ್ ಬಂತು, ಫ್ಲೂ ಹೌದು. ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತು ಬೀಗದ ಕೈ ಅಲ್ಲಾಡಿಸಿದೆ. ಪರದೆಯ ಹಿಂದಿನಿಂದ ಒಡಕು ದನಿ ಕೂಗಿತು: “ಪಪ್ಪ ಬಂತು!” ಪರದೆ ಪರದೆಯ ಹಿಂದೆ ತಾಯಂದಿರು ನಕ್ಕರು. ನಾನು ಕಾರಿಡಾರಿನಲ್ಲೇ ನಿಂತು ಅತ್ತುಬಿಟ್ಟೆ.

ಆಮೇಲೆ ಶೈಲಾಳಿಗೆ ಉಡುಪಿಯಲ್ಲಿ ಟೀಚರ್ ಕೆಲಸ ಸಿಕ್ಕಿತು, ಮಗಳೂ ಅಲ್ಲಿಯ ಶಾಲೆಗೆ ಸೇರಿದಳು. ನಾನು ಮೆಸಯೀದಿನ ಕಂಪನಿ ಮನೆಗೆ ಬಂದೆ. ಮಗಳಿಗೆ ಆ ಆಸ್ಪತ್ರೆ ಒಂದಿಷ್ಟೂ ನೆನಪಿಲ್ಲ. ನೆನಪಿಲ್ಲ ಎಂದುಕೊಂಡಿದ್ದೆ.

ನಿನ್ನೆ ಒಳಗೆ ಕಾಲಿಡುತ್ತಲೇ ಶೈಲಾಳ ವಿಡಿಯೋ ಕಾಲ್ ಬಂತು. ಅವಳ ಹಿಂದೆ ಆಸ್ಪತ್ರೆಯ ಹಾಸಿಗೆ, ಹಾಸಿಗೆಯಲ್ಲಿ ಆದ್ಯಾ.

“ಬೆಳಿಗ್ಗೆಯಿಂದ ಉಸಿರು ಜೋರಾಯ್ತು, ಅಡ್ಮಿಟ್ ಮಾಡಿದೆ. ಪುನಃ ಫ್ಲೂ ಇರಬೇಕಂತೆ, ಆವತ್ತಿನ ಔಷಧಿಯೇ ಶುರು ಮಾಡಿದ್ದಾರೆ. ನಿಮಗೆ ಎಷ್ಟು ಸಲ ಫೋನ್ ಮಾಡಿದೆ ಗೊತ್ತುಂಟಾ?”

ಪ್ಲಾಂಟಿನೊಳಗೆ ಫೋನ್ ಒಯ್ಯುವಂತಿಲ್ಲ. ಇಡೀ ದಿನ ಲಾಕರಿನಲ್ಲಿತ್ತು. “ಕಾಯದಿದ್ದದ್ದು ಒಳ್ಳೆದಾಯ್ತು” ಎಂದೆ. ಅವಳು ನಗಲಿಲ್ಲ.

ಕೈಯಲ್ಲಿದ್ದ ಬೀಗದ ಕೈಗಳನ್ನು ಮೇಜಿನ ಮೇಲೆ ಹಾಕಿದೆ. ಝಣ್ ಎಂದಿತು. ಮಗಳು ಕಣ್ಣು ತೆರೆಯಲಿಲ್ಲ, ತುಟಿ ಮಾತ್ರ ಆಡಿತು: “ಪಪ್ಪ ಬಂದ್ರಾ?”

ಶೈಲಾ ಅಲ್ಲಿಯ ಬಾಗಿಲ ಕಡೆಗೆ ತಿರುಗಿ ನೋಡಿದಳು.

ಇದನ್ನು ಮಂಗಳೂರಿನ ವಿಮಾನದಲ್ಲಿ ಕೂತು ಬರೆಯುತ್ತಿದ್ದೇನೆ. ರಜೆಗೆ ಎರಡು ಸಹಿ ಬೇಕಿತ್ತು. ಟಿಕೆಟ್ ಮೊದಲು ಮಾಡಿದೆ, ಸಹಿ ಆಮೇಲೆ ಕೇಳಿದೆ. ಈಗ ನನ್ನ ಫೋನೂ ಆಫ್, ಅಲ್ಲಿ ಏನಾದರೂ ತೀರ್ಮಾನಿಸಬೇಕಿದ್ದರೆ ಶೈಲಾ ಒಬ್ಬಳೇ ತೀರ್ಮಾನಿಸಬೇಕು. ಮೆಸಯೀದಿನ ಮನೆಯ ಬೀಗದ ಕೈ ಜೇಬಿನಲ್ಲಿದೆ. ಉಡುಪಿಯ ಆಸ್ಪತ್ರೆಯಲ್ಲಿ ಅದರಿಂದ ತೆಗೆಯುವ ಬೀಗ ಯಾವುದೂ ಇಲ್ಲ. ಆದರೂ ಅಲ್ಲಾಡಿಸಿಯೇ ಒಳಗೆ ಹೋಗುತ್ತೇನೆ.